ಒಂದೇ ಬಾಣಕ್ಕೆ ಅತ್ತೆ ಅಳಿಯ

ಅವನನ್ನು ಆ ಬೀದಿಯಲ್ಲಿ ಎಲ್ಲರೂ ಪಾಲಿಶ್ ಎಂದೇ ಕರೆಯುತ್ತಿದ್ದರು. ಹುಟ್ಟಿದಾಗ ಇಟ್ಟ ಹೆಸರೊಂದು ಇತ್ತು, ಅದು ಈಗ ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಕಾಣಿಸುತ್ತದೆ. ಔಷಧಿ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಸಿಕ್ಕಿಕೊಂಡಿದ್ದ ಉದ್ದನೆಯ ಕೋಣೆಯೇ ಅವನ ಫೋಟೊ ಸ್ಟುಡಿಯೊ. ಮುಂದೆ ಗಾಜಿನ ಕೌಂಟರು, ನಡುವೆ ನೀಲಿ ಪರದೆ, ಕೊನೆಯಲ್ಲಿ ಕಂಪ್ಯೂಟರು. ಹೆಂಡತಿ ಫೋಟೊ ತೆಗೆಯುತ್ತಿದ್ದಳು, ಇವನು ಫೋಟೊದಲ್ಲಿದ್ದ ಮುಖವನ್ನು ತೆಗೆಯುತ್ತಿದ್ದ. ಮೌಸು ಹಿಡಿದು ಕೂತನೆಂದರೆ ಮಚ್ಚೆ, ಮೊಡವೆ, ಸುಕ್ಕು ಒಂದೂ ಉಳಿಯುತ್ತಿರಲಿಲ್ಲ. ಹಲ್ಲುಬಿದ್ದ ಅಜ್ಜನೂ ಸುಲಿದ ಮೊಟ್ಟೆಯ ಹಾಗೆ ಹೊಳೆಯುತ್ತಿದ್ದ. ಗಿರಾಕಿಗಳಿಗೆ ಅದರಿಂದ ಸಂತೋಷವೇ. ಒಬ್ಬಳು ಮಾತ್ರ ತನ್ನ ಗಂಡನ ಫೋಟೊ ಎಂದು ಬೇರೆ ಯಾರದೋ ಗಂಡನನ್ನು ಮನೆಗೆ ಒಯ್ದು, ಗೋಡೆಗೆ ಮೊಳೆ ಹೊಡೆದ ಮೇಲೆ ಅನುಮಾನ ಬಂದು ವಾಪಸ್ ತಂದಿದ್ದಳು.

ಸ್ಟುಡಿಯೊದ ಮೇಲೇ ಮನೆ. ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದ ಅತ್ತೆ ಅಲ್ಲಿಗೆ ಬಂದು ಸೇರಿದಾಗ ಪಾಲಿಶ್ ಒಂದು ತುಟಿ ನಕ್ಕು, ಇನ್ನೊಂದು ತುಟಿ ಕಚ್ಚಿಕೊಂಡ. ಆಕೆ ಗಿಡ್ಡ, ಸಪೂರ, ಸುಮ್ಮನೆ ಕೂತಾಗಲೂ ಬೆರಳುಗಳು ಮೊಣಕಾಲ ಮೇಲೆ ಏನನ್ನೋ ಟೈಪ್ ಮಾಡುತ್ತಲೇ ಇರುತ್ತಿದ್ದವು. ಅವರಿಗೆ ಅಳಿಯನ ಕೆಲಸ ಕಂಡರೆ ಆಗುತ್ತಿರಲಿಲ್ಲ. ಇದ್ದದ್ದು ಇದ್ದ ಹಾಗೆ ಇರಬೇಕು, ಸಾಕ್ಷಿ ಸುಳ್ಳು ಹೇಳಿದರೂ ಅವನು ಹೇಳಿದ್ದನ್ನೇ ಟೈಪ್ ಮಾಡಬೇಕು, ನಮ್ಮ ಕಡೆಯಿಂದ ಒಂದು ಅಲ್ಪವಿರಾಮವನ್ನೂ ಸೇರಿಸಬಾರದು ಎನ್ನುವುದು ಅವರ ಧರ್ಮ. ಮನೆಯ ಮರ್ಯಾದೆ ಕೆಡಬಾರದೆಂದು ಇಬ್ಬರೂ ಒಬ್ಬರನ್ನೊಬ್ಬರು ಬಹುವಚನದಲ್ಲೇ ಬೈದುಕೊಳ್ಳುತ್ತಿದ್ದರು.

ಹೀಗಿರುವಾಗ ಪಾಲಿಶ್‌ನ ಬಲಗೈ ಮಣಿಕಟ್ಟು ಊದಿಕೊಂಡಿತು. ವರ್ಷಗಟ್ಟಲೆ ಮೌಸು ಉಜ್ಜಿ ಉಜ್ಜಿ ಕೈಯೇ ಕೈಕೊಟ್ಟಿತ್ತು. ಡಾಕ್ಟರು ವಿಶ್ರಾಂತಿ ಹೇಳಿದರು. ಹೆಂಡತಿ ಪೇಟೆಗೆ ಹೋಗಿ ಬಂದು, ನೋವಿಗೆ ಟ್ಯಾಬ್ಲೆಟ್ ತಂದಿದ್ದೇನೆ ಎಂದಳು.

"ಊಟಕ್ಕೆ ಮುಂಚೇನಾ, ಆಮೇಲಾ?" ಎಂದು ಅವನು ಕೇಳಿದ.

ಅವಳು ಬ್ಯಾಗಿನಿಂದ ತೆಗೆದದ್ದು ಕಂಪ್ಯೂಟರಿನವರು ಟ್ಯಾಬ್ಲೆಟ್ ಎನ್ನುವ ಕಪ್ಪು ಹಲಗೆ. ಜೊತೆಗೊಂದು ಪೆನ್ನು, ಶಾಯಿ ಇಲ್ಲದ್ದು. ಹಲಗೆಯನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಅದರ ಮೇಲೆ ಪೆನ್ನು ಆಡಿಸಿದರೆ ಪರದೆಯ ಮೇಲೆ ಗೆರೆ ಮೂಡುತ್ತದೆ. ಒತ್ತಿದರೆ ದಪ್ಪ, ತೇಲಿಸಿದರೆ ತೆಳು. ಮೌಸಿಗೆ ಈ ವಿದ್ಯೆ ಇಲ್ಲ.

ಪಾಲಿಶ್‌ಗೂ ಇರಲಿಲ್ಲ. ಅವನು ಪೆನ್ನನ್ನೂ ಮೌಸಿನ ಹಾಗೆ ಎತ್ತಿ ಎತ್ತಿ ಇಡುತ್ತಿದ್ದ. ಹಲಗೆಯ ಮೂಲೆ ಮುಟ್ಟಿದರೆ ಪರದೆಯ ಬಾಣವೂ ಮೂಲೆಗೇ ಹಾರುತ್ತಿತ್ತು. ವಧುವಿನ ಮೂಗು ತಿದ್ದಲು ಹೋಗಿ ಕಿವಿಯನ್ನು ಅಳಿಸಿಬಿಟ್ಟ. ಕಣ್ಣು ಒಂದು ಕಡೆ, ಕೈ ಒಂದು ಕಡೆ, ಮನುಷ್ಯರು ಮಾಡುವ ಕೆಲಸವೇ ಇದು ಎಂದು ರೇಗಾಡಿ ಹಲಗೆಯನ್ನು ಟೀ ಲೋಟ ಇಡುವುದಕ್ಕೆ ಬಳಸತೊಡಗಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅತ್ತೆ ಮೆಟ್ಟಿಲ ಮೇಲಿಂದಲೇ ಗೊಣಗಿದರು. ಬಂದು ಕುಣಿಯಿರಿ ನೋಡೋಣ ಎಂದು ಇವನು ಕುರ್ಚಿ ಬಿಟ್ಟು ಎದ್ದ.

ಅವರು ಬಂದು ಕುಣಿದೇಬಿಟ್ಟರು. ಕೈಯತ್ತ ಒಮ್ಮೆಯೂ ನೋಡದೆ, ಆ ವಧುವಿನ ಕಿವಿಯನ್ನು ಮತ್ತೆ ಬರೆದು, ಹಿಂದೆ ನಾಲ್ಕು ಎಳೆ ಕೂದಲನ್ನೂ ಸಿಕ್ಕಿಸಿದರು.

"ನನ್ನ ಜೀವಮಾನ ಎಲ್ಲಾ ಇದೇ ತಾನೇ, ಅಳಿಯಂದ್ರೇ. ಕಣ್ಣು ಜಡ್ಜ್ ಬಾಯಿ ಮೇಲೆ, ಕೈ ಕೀಲಿ ಮೇಲೆ. ಕೈನ ನೋಡ್ತಾ ಕೂತಿದ್ರೆ ಕೇಸು ಮುಗೀತಿತ್ತಾ?"

ಆ ದಿನದಿಂದ ಸ್ಟುಡಿಯೊದ ನೆಮ್ಮದಿ ಹಾಳಾಯಿತು. ಹಲಗೆ ಅತ್ತೆಯ ಕಡೆ, ಮೌಸು ಅಳಿಯನ ಕಡೆ, ಎರಡರ ವೈರೂ ಒಂದೇ ಕಂಪ್ಯೂಟರಿಗೆ. ಪರದೆಯ ಮೇಲೆ ಬಾಣ ಮಾತ್ರ ಒಂದೇ. ಅವನು ಮಚ್ಚೆ ಅಳಿಸಲು ಬಾಣವನ್ನು ಕೆನ್ನೆಗೆ ತಂದರೆ ಅವರು ಪೆನ್ನಿನಿಂದ ಅದನ್ನು ಹುಬ್ಬಿಗೆ ಹಾರಿಸುತ್ತಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಇದರಲ್ಲಿ ಎತ್ತು ಯಾರು, ಕೋಣ ಯಾರು ಎಂಬುದರ ಮೇಲೂ ಮನೆಯಲ್ಲಿ ಒಂದು ಸುತ್ತು ಜಗಳವಾಯಿತು. ಅವನು ಅಳಿಸಿದ ಮಚ್ಚೆ ಊಟ ಮಾಡಿ ಬರುವಷ್ಟರಲ್ಲಿ ಅದೇ ಜಾಗಕ್ಕೆ ವಾಪಸ್ ಬಂದಿರುತ್ತಿತ್ತು. ಕೇಳಿದರೆ, ಅದು ಆಕೆಯ ಸ್ವಂತ ಮಚ್ಚೆ, ನಿಮ್ಮದೇನು ಹೋಗಬೇಕು ಎಂಬ ಉತ್ತರ.

ಗಂಡನಿಗೂ ಅಮ್ಮನಿಗೂ ನಡುವೆ ನುಗ್ಗಾಗಿ ಹೋದ ಹೆಂಡತಿ, ಯಾರೋ ಮಾರಲು ಇಟ್ಟಿದ್ದ ಹಳೆಯ ಕಂಪ್ಯೂಟರೊಂದನ್ನು ಕೊಂಡು ತಂದು ಎದುರು ಗೋಡೆಗೆ ಇಟ್ಟಳು. ಅತ್ತೆಗೆ ಅವರದೇ ಬಾಣ, ಅಳಿಯನಿಗೆ ಅವನದೇ. ಇಬ್ಬರೂ ಬೆನ್ನು ತಿರುಗಿಸಿ ಕೂತರು. ಸ್ಟುಡಿಯೊದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಪಾಲಿಶ್ ನಿರ್ವಿಘ್ನವಾಗಿ ಮಚ್ಚೆಗಳನ್ನು ಅಳಿಸಿದ. ಯಾರೂ ಬೈಯಲಿಲ್ಲ. ಅದರಿಂದ ಅವನಿಗೆ ಏನೋ ಒಂಥರಾ ಆಗಿ, ಕಾರಣವಿಲ್ಲದೆ ಎರಡು ಸಲ ಹಿಂತಿರುಗಿ ನೋಡಿದ. ಅತ್ತೆಗೆ ಫೋಟೊದ ಅಳತೆ ಹೊಂದಿಸುವುದು, ಮೂಲ ಫೋಟೊ ಕೆಡದಂತೆ ಅದರ ಮೇಲೆ ಪದರ ಹಾಕುವುದು ಗೊತ್ತಿರಲಿಲ್ಲ. ಕೇಳಲು ಬಿಗುಮಾನ. ಅವರು ಬರೀ ಹುಬ್ಬುಗಳನ್ನು ಬರೆದು ಬರೆದು ಅಳಿಸುತ್ತಿದ್ದರು.

ಆ ವಾರವೇ ಕೊಡೆ ಅಂಗಡಿಯ ಯಜಮಾನರು ಬಂದರು. ಬೀದಿಯ ವರ್ತಕರ ಸಂಘದ ಅಧ್ಯಕ್ಷ ಸ್ಥಾನದ ಚುನಾವಣೆಗೆ ನಿಂತಿದ್ದರು. ಪೋಸ್ಟರಿಗೆ ದೊಡ್ಡ ಫೋಟೊ ಬೇಕು. ಆದರೆ ಅವರ ತಲೆ ನುಣ್ಣಗಿತ್ತು, ನೊಣ ಕೂತರೂ ಜಾರಬೇಕು. ತೀರಾ ಇಷ್ಟು ಬೋಳಾದರೆ ಜನ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಸ್ವಲ್ಪ ಕೂದಲು ಹಾಕಿ ಎಂದು ಪಾಲಿಶ್‌ನ ಕಿವಿಯಲ್ಲಿ ಹೇಳಿಹೋದರು.

ಪಾಲಿಶ್‌ಗೆ ತೆಗೆಯುವುದು ಗೊತ್ತಿತ್ತು, ಹಾಕುವುದು ಗೊತ್ತಿರಲಿಲ್ಲ. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು ಬೆಳಗಿನಿಂದ ಮೌಸು ಉಜ್ಜಿದ. ಮಧ್ಯಾಹ್ನದ ಹೊತ್ತಿಗೆ ಯಜಮಾನರ ತಲೆ ಒಲೆಯ ಮೇಲಿಂದ ಇಳಿಸಿದ ಪಾತ್ರೆಯ ತಳದಂತಾಗಿತ್ತು. ನೀರು ಕುಡಿಯುವ ನೆಪದಲ್ಲಿ ಎದ್ದ ಅತ್ತೆ ಅದನ್ನು ನೋಡಿ ಅಲ್ಲೇ ನಿಂತರು. ಇಲ್ಲದ್ದನ್ನು ಇದೆ ಅನ್ನುವುದು ತಪ್ಪು ಎಂದು ಈಗ ಭಾಷಣ ಶುರುವಾಗುತ್ತದೆ ಎಂದು ಅವನು ತಲೆ ತಗ್ಗಿಸಿದ. ಅವರು ತಮ್ಮ ಹಲಗೆಯ ವೈರು ಕಿತ್ತು, ತಂದು ಅವನ ಕಂಪ್ಯೂಟರಿಗೆ ಸಿಕ್ಕಿಸಿ, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಸುಳ್ಳು ಹೇಳೋದಾದ್ರೆ ನೆಟ್ಟಗೆ ಹೇಳ್ಬೇಕು, ಅಳಿಯಂದ್ರೇ. ಎಷ್ಟು ಸುಳ್ಳು ಸಾಕ್ಷಿ ಟೈಪ್ ಮಾಡಿದೀನಿ ನಾನು. ಸಿಕ್ಕಿಬಿದ್ದೋರೆಲ್ಲಾ ಒಂದು ಕೊಂಕೂ ಇಲ್ದೆ ಹೇಳಿದೋರೇ."

"ಅಂದ್ರೆ ಏನ್ ಮಾಡ್ಬೇಕು ಅಂತೀರಿ?"

"ಹಣೆ ಸ್ವಲ್ಪ ಹಿಂದಕ್ಕೆ ಹೋಗಿರ್ಲಿ. ಕಿವಿ ಹತ್ರ ನಾಲ್ಕು ಬಿಳಿ ಕೂದ್ಲು. ಒಂದು ಎಳೆ ಮಾತು ಕೇಳ್ದೆ ಎದ್ದು ನಿಂತಿರ್ಲಿ. ನೀವು ಅದೇನೋ ಪದರ ಅಂತೀರಲ್ಲ, ಹಾಕಿ. ನಾನು ಬರೀತೀನಿ."

ಅವನು ಮೌಸಿನಿಂದ ಪದರ ಹಾಕಿದ, ಮುಖವನ್ನು ಹಿಗ್ಗಿಸಿದ, ತಪ್ಪಾದರೆ ಹಿಂದಕ್ಕೆ ತಂದ. ಅವರು ಪೆನ್ನಿನಿಂದ ಎಳೆ ಎಳೆಯಾಗಿ ಕೂದಲು ನೆಟ್ಟರು. ಬೇರಿನಲ್ಲಿ ಒತ್ತು, ತುದಿಯಲ್ಲಿ ತೇಲು. ಇಬ್ಬರಿಗೂ ಇದ್ದದ್ದು ಅದೇ ಒಂದು ಬಾಣ, ಆದರೆ ಅವರು ಕೈ ಎತ್ತಿದಾಗಲೇ ಇವನು ಕೈ ಇಡುತ್ತಿದ್ದ. ಯಾವಾಗಿನಿಂದ ಹಾಗಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಸಂಜೆ ಹೆಂಡತಿ ಕೌಂಟರಿನಿಂದ ಬಗ್ಗಿ ನೋಡಿ, ಒಳಗೆ ಯಾರಾದರೂ ಸತ್ತಿದ್ದಾರೇನೋ ಅಂದುಕೊಂಡೆ ಎಂದಳು. ಅವಳಿಗೆ ಸುಮ್ಮನಿರುವ ಇವರನ್ನು ಒಟ್ಟಿಗೆ ನೋಡಿ ಅಭ್ಯಾಸವಿರಲಿಲ್ಲ.

ಬಿಳಿ ಕೂದಲು ಯಾಕೆ ಎಂದು ಯಜಮಾನರು ಮುನಿಸಿಕೊಂಡರು. ಆದರೆ ಪೋಸ್ಟರು ಅಂಟಿದ ಮೇಲೆ ಬೀದಿಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಹಳೆಯ ಫೋಟೊ ಇರಬೇಕು, ಆಗ ಎಷ್ಟು ಚೆನ್ನಾಗಿದ್ದರು ಎಂದುಕೊಂಡರು. ಯಜಮಾನರು ಗೆದ್ದೂಬಿಟ್ಟರು. ಗೆದ್ದ ಮೇಲೆ ಕಷ್ಟ ಶುರುವಾಯಿತು. ಪೋಸ್ಟರಿನಲ್ಲಿದ್ದವರಿಗೆ ವೋಟು ಹಾಕಿದ್ದೆವು, ಇವರು ಯಾರು ಎಂದು ಬೀಗ ರಿಪೇರಿಯವನು ಸಭೆಯಲ್ಲೇ ಕಿಚಾಯಿಸಿದ. ಅಧ್ಯಕ್ಷರು ಒಂದಷ್ಟು ದಿನ ಮನೆ ಬಿಟ್ಟು ಹೊರಬರಲಿಲ್ಲ. ಕೊನೆಗೊಂದು ಬೆಳಿಗ್ಗೆ ಬಂದಾಗ ಅವರ ತಲೆಯ ಮೇಲೆ ಕೂದಲಿತ್ತು. ವಿಗ್ಗು ಮಾಡುವವನ ಕೈಗೆ ಪೋಸ್ಟರನ್ನೇ ಕೊಟ್ಟು, ಇದರಂತೆಯೇ ಇರಲಿ ಎಂದಿದ್ದರಂತೆ. ಅವನು ಪ್ರಾಮಾಣಿಕ. ಹಿಂದೆ ಸರಿದ ಹಣೆ, ಕಿವಿಯ ಬಳಿಯ ನಾಲ್ಕು ಬಿಳಿ ಕೂದಲು, ಎದ್ದು ನಿಂತ ಆ ಒಂದು ಎಳೆ, ಒಂದನ್ನೂ ಬಿಟ್ಟಿರಲಿಲ್ಲ.

ತಾವು ಬರೆದದ್ದು ಬೀದಿಯಲ್ಲಿ ನಡೆದುಹೋಗುವುದನ್ನು ಅತ್ತೆ ಕೌಂಟರಿನ ಗಾಜಿಗೆ ಮೂಗು ಒತ್ತಿ ನೋಡಿದರು. ಕೋರ್ಟಿನಲ್ಲಿ ಅಷ್ಟು ಬರೆದರೂ ಅದರಲ್ಲಿ ಒಂದಕ್ಷರವೂ ತಮ್ಮದಾಗಿರಲಿಲ್ಲ ಎಂದು ಮಗಳ ಹತ್ತಿರ ಮೆಲ್ಲಗೆ ಹೇಳಿದರಂತೆ. ಅಧ್ಯಕ್ಷರು ಒಳಗೆ ಬಂದು, ವಿಗ್ಗಿನವನು ಒಪ್ಪಿದ್ದಾನೆ, ಫೋಟೊದಲ್ಲಿ ಆ ಬಿಳಿಯನ್ನು ಕಪ್ಪು ಮಾಡಿಕೊಟ್ಟರೆ ತಲೆಯ ಮೇಲೂ ಮಾಡಿಸಿಕೊಳ್ಳುತ್ತೇನೆ ಎಂದು ಬೇಡಿಕೊಂಡರು.

"ಹೇಳಿಕೆ ಒಂದ್ಸಲ ದಾಖಲಾದ್ಮೇಲೆ ತಿದ್ದೋ ಹಾಗಿಲ್ಲ" ಎಂದರು ಅತ್ತೆ.

ಪಾಲಿಶ್‌ನ ಮಣಿಕಟ್ಟು ಈಗ ಅಷ್ಟೇನೂ ಊದುವುದಿಲ್ಲ, ಅರ್ಧ ಕೆಲಸ ಪೆನ್ನಿನ ಪಾಲಿಗೆ ಹೋಗಿದೆ. ಮಚ್ಚೆಯ ವಿಷಯದಲ್ಲಿ ಇವತ್ತಿಗೂ ರಾಜಿಯಿಲ್ಲ, ಗಿರಾಕಿಯನ್ನೇ ಕೇಳಿ ತೀರ್ಮಾನಿಸುತ್ತಾರೆ. ಅತ್ತೆ ಒಮ್ಮೆ ಚಿಕ್ಕ ಮಗಳ ಮನೆಗೆ ಹೋಗಿದ್ದಾಗ, ಹೊಸದಾಗಿ ಬೋಳಾಗುತ್ತಿದ್ದ ಯುವಕನೊಬ್ಬ ಸ್ಟುಡಿಯೊಗೆ ಬಂದ. ಹುಡುಗಿಯ ಮನೆಯವರಿಗೆ ಫೋಟೊ ಕಳಿಸಬೇಕು, ತುಂಬಾ ಅವಸರ ಎಂದ. ಹಲಗೆ ಅಲ್ಲೇ ಇತ್ತು, ಪೆನ್ನೂ ಇತ್ತು. ಪಾಲಿಶ್ ಅವೆರಡನ್ನೂ ಮುಟ್ಟಲಿಲ್ಲ.

"ಅತ್ತೆ ಇಲ್ಲ. ಕೂದಲಿಗೆ ಮುಂದಿನ ತಿಂಗಳು ಬನ್ನಿ" ಎಂದ.