ಖಾನೇಷುಮಾರಿಯಲ್ಲಿ ನಮ್ಮಣ್ಣ

ನಮ್ಮ ಓಣಿಯಲ್ಲಿ ಅಣ್ಣನಷ್ಟು ಹೊತ್ತು ಲಿಂಗಪೂಜೆಗೆ ಕೂರುತ್ತಿದ್ದವರು ಇನ್ನೊಬ್ಬರಿರಲಿಲ್ಲ. ಹೊಸಪೇಟೆಯ ನಮ್ಮ ಮನೆಯ ದೇವರ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ, ನಮಗೆ ಬೆನ್ನು ಕೊಟ್ಟು ಕೂತನೆಂದರೆ ತಟ್ಟೆಯ ರೊಟ್ಟಿ ಆರಿ ಹಪ್ಪಳವಾಗುವವರೆಗೂ ಏಳುತ್ತಿರಲಿಲ್ಲ. ನಾನೋ ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು. ಅಂಗೈಯಲ್ಲಿ ಲಿಂಗವಿಟ್ಟು ನೀರು ಹನಿಸಿ, ಪತ್ರಿ ಏರಿಸಿ ಕಣ್ಣು ಮುಚ್ಚಿದರೆ, ಹತ್ತು ಎಣಿಸುವುದರೊಳಗೆ ಮನಸ್ಸು ಸ್ಕೂಲಿಗೆ ಹೋಗಿ ಗಂಟೆ ಬಾರಿಸಿ ಬಂದಿರುತ್ತಿತ್ತು. "ನಿಮ್ಮಣ್ಣನ್ನ ನೋಡಿ ಕಲೀರಿ" ಎಂದು ನನ್ನ ಹೆಂಡತಿ ದಿನಕ್ಕೊಮ್ಮೆಯಾದರೂ ಹೇಳುವಳು. ಅಲ್ಲಿ ನೋಡಿ ಕಲಿಯುವಂಥದ್ದು ಏನಿತ್ತೆಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಅಣ್ಣ ನನಗಿಂತ ಹದಿನಾಲ್ಕು ವರ್ಷ ದೊಡ್ಡವನು. ಪ್ಲೇಗಿನಲ್ಲಿ ಅಪ್ಪ ಅವ್ವ ಒಂದೇ ವಾರದಲ್ಲಿ ಹೋದಾಗ ನನಗಿನ್ನೂ ಹಾಲುಹಲ್ಲು. ಕಡ್ಡಿರಾಂಪುರದ ಹತ್ತಿರ ನಮ್ಮದೊಂದು ಕಬ್ಬಿನ ಗದ್ದೆ, ಗಾಣ, ಬೆಲ್ಲ ಕಾಯಿಸುವ ಕೊಪ್ಪರಿಗೆ. ಅದರಲ್ಲೇ ದುಡಿದು ಅಣ್ಣ ನನ್ನನ್ನು ಬಳ್ಳಾರಿಗೆ ಕಳಿಸಿ ಮಾಸ್ತರನನ್ನಾಗಿ ಮಾಡಿದ. ನನ್ನ ಮದುವೆಯಲ್ಲಿ ಅಕ್ಕಸಾಲಿಗನಿಂದ ಇಬ್ಬರಿಗೂ ಒಂದೇ ನಮೂನೆಯ ಬೆಳ್ಳಿಯ ಕರಡಿಗೆ ಮಾಡಿಸಿದ. ಲಿಂಗವನ್ನಿಟ್ಟು ಕೊರಳಲ್ಲಿ ತೂಗುಹಾಕಿಕೊಳ್ಳುವ ಆ ಪುಟ್ಟ ಪೆಟ್ಟಿಗೆಗಳು ಅದಲುಬದಲಾಗಿದ್ದರೆ ನಮ್ಮ ಹೆಂಡಂದಿರಿಗೂ ಗುರುತು ಹತ್ತುತ್ತಿರಲಿಲ್ಲ.

ಸ್ಕೂಲಿನಲ್ಲಿ ನಾನು ಭೂಗೋಳ ಹೇಳಿಕೊಡುತ್ತಿದ್ದೆ. ನಮ್ಮಲ್ಲೊಂದು ಅಟ್ಲಾಸು ಇತ್ತು. ಅದರ ಒಂದು ಪುಟದಲ್ಲಿ ಭೂಮಿಯ ಮೇಲಿನ ಮತಗಳನ್ನೆಲ್ಲ ಬಣ್ಣ ಹಚ್ಚಿ ತೋರಿಸಿದ್ದರು. ಒಂದೊಂದು ಮತಕ್ಕೆ ಒಂದೊಂದು ಬಣ್ಣ. ನಮ್ಮ ದೇಶಕ್ಕೆ ಕಿತ್ತಳೆ, ಅದರ ಮೇಲೆ ಅಲ್ಲಲ್ಲಿ ಹಸಿರಿನ ಗೀರು. ಒಂಟೆಯೂ ನಿಲ್ಲದ ಮರುಭೂಮಿಗೂ ಗಟ್ಟಿಯಾಗಿ ಹಸಿರು ಬಳಿದಿದ್ದರು. ಒಮ್ಮೆ ಅದನ್ನು ಮನೆಗೆ ತಂದಿದ್ದಾಗ ಅಣ್ಣ ಬೆಲ್ಲದ ಬೆರಳಿನಿಂದಲೇ ಪುಟದ ತುದಿ ಮುಟ್ಟಿದ. "ಇಲ್ಲಿ ಬೆಳ್ಳಗ ಬಿಟ್ಟಾರಲ್ಲೋ, ಇದು ಯಾವ ಮತ?"

"ಅದು ಬರೇ ಹಿಮ ಅಣ್ಣ. ಅಲ್ಲಿ ಜನಾನೇ ಇಲ್ಲ."

"ಹಂಗಾರ ಮನಷಾ ಅನ್ನಾವ ಇದ್ದಲ್ಲಿ ಬಣ್ಣ ಇರಬೇಕಂತಾತು" ಎಂದು ಅಣ್ಣ ಇನ್ನೂ ಸ್ವಲ್ಪ ಹೊತ್ತು ಆ ಬಿಳಿಯನ್ನೇ ನೋಡುತ್ತಿದ್ದ. ಪುಟಕ್ಕೆ ಜಿಡ್ಡು ಹತ್ತಿತೆಂದು ನಾನು ಸಿಡುಕಿ ಪುಸ್ತಕ ಕಸಿದುಕೊಂಡೆ.

ಮೂವತ್ತೊಂದರ ಖಾನೇಷುಮಾರಿ ಬಂತು. ಈಗಿನವರು ಜನಗಣತಿ ಅನ್ನುತ್ತಾರೆ. ಆಗ ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು, ಲೆಕ್ಕವೆಲ್ಲ ಕೊನೆಗೆ ಅಲ್ಲಿಗೇ ಹೋಗುತ್ತಿತ್ತು. ಸಂಬಳವಿಲ್ಲದ ಸರಕಾರಿ ಕೆಲಸವೆಂದರೆ ಮಾಸ್ತರರ ಹೆಗಲಿಗೇ ಬೀಳಬೇಕಲ್ಲ. ನಮ್ಮ ಓಣಿ ನನ್ನ ಪಾಲಿಗೆ ಬಂತು. ನಮ್ಮನ್ನೆಲ್ಲ ಕೂರಿಸಿ ಹೇಳಿದ ಪಾಠದಲ್ಲಿ ಒಂದು ಮಾತನ್ನು ಎರಡೆರಡು ಸಲ ಹೇಳಿದ್ದರು: ಮತ ಯಾವುದೆಂದು ಕೇಳಿ, ಅವರು ಹೇಳಿದ್ದನ್ನೇ ಬರೆಯಿರಿ, ನಿಮ್ಮ ತಲೆಯಿಂದ ತೆಗೆದು ಬರೆಯಬೇಡಿ.

ಕೇಳಿದರೆ ತಾನೇ ಫಜೀತಿ! ಮೂಲೆಮನೆಯ ಅಜ್ಜಿಗೆ ಮತ ಅಂದರೇನೆಂದು ತಿಳಿಸುವಷ್ಟರಲ್ಲಿ ನನ್ನ ಅರ್ಧ ಬೆಳಗು ಹೋಯಿತು. ತಿಳಿದ ಮೇಲೆ ಆಕೆ, "ಶನಿವಾರ ಹನುಮಪ್ಪಗ ಎಣ್ಣಿ ಹಾಕತೀನಿ. ಮೊಹರಮ್ಮಿನಾಗ ಅಲಾಯಿ ದೇವರಿಗೆ ಸಕ್ಕರಿ ಓದಸತೀನಿ. ನಿಮ್ಮ ಹಾಳಿಯಾಗ ಎರಡಕ್ಕೂ ಜಾಗ ಐತೇನ್ ನೋಡ್ರಿ ಮಾಸ್ತರ" ಅಂದಳು. ಜಾಗ ಒಂದಕ್ಕೇ ಇತ್ತು. ಆಮೇಲಾಮೇಲೆ ನಾನು ಕೇಳುವುದನ್ನೇ ಬಿಟ್ಟೆ. ಹಣೆ ನೋಡುವುದು, ಕೊರಳು ನೋಡುವುದು, ಬರೆಯುವುದು. ಒಂದು ಮನೆಯಿಂದ ಇನ್ನೊಂದಕ್ಕೆ ಜಿಗಿಯಲು ಕಾಲು ತುರಿಸುತ್ತಿತ್ತು.

ನಮ್ಮ ಮನೆಯ ಹಾಳೆಯನ್ನಂತೂ ಪಡಸಾಲೆಯಲ್ಲಿ ಕೂತು ಯಾರನ್ನೂ ಕೇಳದೆ ತುಂಬತೊಡಗಿದೆ. ಅಣ್ಣ ಬಂದು ಬಗ್ಗಿ ನೋಡಿದ.

"ನನ್ನ ಕೇಳಲೇ ಇಲ್ಲಲ್ಲೋ ತಮ್ಮಾ."

"ನಿನ್ನ ಏನು ಕೇಳೋದಣ್ಣ?"

"ಎಲ್ಲಾರನ್ನೂ ಕೇಳಬೇಕು ಅಂತ ಹೇಳ್ಯಾರಂದಿ. ನಡಿ, ಗದ್ದಿ ಕಡೆ ಹೋಗಿ ಬರೋಣು. ಆ ಹಾಳಿ ತಗೊಂಡು ಬಾ."

ಕಡ್ಡಿರಾಂಪುರದವರೆಗೆ ಅಣ್ಣ ಮುಂದೆ, ನಾನು ಹಾಳೆ ಹಿಡಿದು ಹಿಂದೆ. ಗಾಣ ಅವತ್ತು ನಿಂತಿತ್ತು, ಆಳುಗಳಿರಲಿಲ್ಲ. ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಕೂತು ಅಣ್ಣ ಕೊರಳಿನ ಕರಡಿಗೆಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದ. ಒಳಗೆ ಏನೂ ಇರಲಿಲ್ಲ. ನನಗೆ ಮೊದಲು ಹೊಳೆದದ್ದು ಕಳ್ಳತನ. ಯಾರು ಕದ್ದರು, ಯಾವಾಗ, ಎಂದು ಎದ್ದು ನಿಂತುಬಿಟ್ಟೆ.

"ಕುಂದರಲೇ. ಹತ್ತು ವರ್ಷ ಆತು" ಎಂದು ಅಣ್ಣ ಹೇಳತೊಡಗಿದ. "ಎತ್ತು ನೋಡಾಕ ಆನೆಗೊಂದಿ ಕಡೆ ಹೊಂಟಿದ್ದೆ. ಹಂಪ್ಯಾಗ ಹರಿಗೋಲು ಬರೋಮಟ ಹೊಳಿ ದಂಡ್ಯಾಗ ಕಲ್ಲಿನ ಮ್ಯಾಲ ಕುಂತು ಪೂಜಿ ಮಾಡಾಕತ್ತಿದ್ದೆ. ನೀರು ಹಾಕಿದೆ, ಅಂಗೈಯಿಂದ ಜಾರ್ತು. ಕಣ್ಣ ಮುಂದ ಸುಳಿಯಾಗ ಹೋತು. ಲಿಂಗ ಹೋದ್ರ ಜೀವ ಇರಬಾರದು ಅಂತ ಹೇಳಿ ಬೆಳಸ್ಯಾರಲ್ಲೋ ನಮ್ಮನ್ನ. ಹೊಟ್ಟಿ ಸರಿ ಇಲ್ಲ ಅಂತ ಹೇಳಿ ಮೂರು ದಿನ ಊಟ ಬಿಟ್ಟೆ, ಏನಾಗತೈತಿ ಅಂತ ಕಾದೆ. ನಾಕನೇ ದಿನ ಹಸಿವು ತಡೀಲಾರದ ರೊಟ್ಟಿ ತಿಂದೆ. ಏನೂ ಆಗಲಿಲ್ಲ. ಮಳಿ ಬಂತು, ಎಮ್ಮಿ ಈಯ್ತು, ಆ ವರ್ಷ ಬೆಲ್ಲ ಭಾಳ ಚಲೋ ಕಟ್ಟಿತು."

"ಮಠದ ಅಯ್ಯನವರ ಹತ್ರ ಹೋಗಿ ಬ್ಯಾರೇದು ಕಟ್ಟಿಸಿಕೋಬಹುದಿತ್ತಲ್ಲಣ್ಣ?"

"ಮೊದಲು ಅಂಜಿ ಹೋಗಲಿಲ್ಲ. ಆಮ್ಯಾಲ ಹೋಗಬೇಕು ಅನಿಸಲಿಲ್ಲ. ದಿನಾ ಗ್ವಾಡಿ ಮುಂದ ಕುಂತು ಬರೇ ಅಂಗೈ ನೋಡಕೊಂತ ಯೋಚನಿ ಮಾಡಿದೆ. ನನ್ನೊಳಗ ಏನೂ ಇಲ್ಲೋ ತಮ್ಮಾ. ದುಃಖ ಇಲ್ಲ, ಸಿಟ್ಟೂ ಇಲ್ಲ. ದೇವರು ಅನ್ನೋದು ನನಗ ಇಲ್ಲ, ಅಷ್ಟ."

ಏಳು ವರ್ಷದ ಹಿಂದೆ ನನ್ನ ಮದುವೆಯಲ್ಲಿ ಮಾಡಿಸಿದ ಜೋಡಿ ಕರಡಿಗೆ ನೆನಪಾಯಿತು. ಒಳಗೆ ಇಡಲು ಏನೂ ಇಲ್ಲವೆಂದು ತಿಳಿದೂ ಅಣ್ಣ ತನಗೊಂದು ಮಾಡಿಸಿಕೊಂಡಿದ್ದ, ನನ್ನ ಸರಿಜೋಡಿಯಾಗಿ ಕಾಣಲೆಂದು. ನನಗೆ ಅಳು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಇಷ್ಟು ವರ್ಷ ನನಗೊಬ್ಬನಿಗಾದರೂ ಹೇಳಬಾರದಿತ್ತೇ?

"ಊರಿಗೆಲ್ಲ ಹತ್ತು ವರ್ಷ ಸುಳ್ಳು ಆಡೀನಿ" ಎಂದ ಅಣ್ಣ. "ಒಂದು ಕಡಿಗಾದ್ರೂ ಖರೆ ಇರಲಿ. ಕಾಗದ ಮದರಾಸಿಗೆ ಹೋಗತೈತಿ ಅಂದಿಯಲ್ಲ. ಅಲ್ಲಿ ನನ್ನ ಯಾರು ಬಲ್ಲರು? ಯಾವ ಮತಾನೂ ಇಲ್ಲ ಅಂತ ಬರಿ. ನಿನಗ ನಾ ಏನೂ ಕೇಳಿಲ್ಲ ಇಲ್ಲಿತನಕ."

ನಿಜ, ಕೇಳಿರಲಿಲ್ಲ. ಆದರೆ ಕಾಗದ ನೆಟ್ಟಗೆ ಮದರಾಸಿಗೆ ಹೋಗುತ್ತಿರಲಿಲ್ಲ. ಮೊದಲು ನಮ್ಮ ಭಾಗದ ಸೂಪರ್‌ವೈಜರ ಕೈಗೆ ಹೋಗಬೇಕು, ಅವರು ಸಾಲು ಸಾಲು ಓದಿ ರುಜು ಹಾಕಬೇಕು. ಅಣ್ಣನ ಮಗಳನ್ನು ಕಂಪ್ಲಿಯ ಅಕ್ಕಿ ಗಿರಣಿಯವರ ಮನೆಗೆ ಕೊಡುವುದೆಂದು ಮಾತಾಗಿತ್ತು, ಎಲೆ ಅಡಿಕೆ ಬದಲಾಗಿತ್ತು. ಆ ಸೂಪರ್‌ವೈಜರು ಹುಡುಗನ ಸ್ವಂತ ಸೋದರಮಾವ. ಹೆಣ್ಣಿನ ಅಪ್ಪನ ಕೊರಳಲ್ಲಿ ಲಿಂಗವಿಲ್ಲ, ಹತ್ತು ವರ್ಷದಿಂದ ಖಾಲಿ ಕರಡಿಗೆ ತೂಗುತ್ತಿದೆ ಎಂದು ಕಂಪ್ಲಿಗೆ ತಿಳಿದರೆ ಸಂಜೆಯೊಳಗೆ ಸಂಬಂಧ ಮುರಿಯುತ್ತಿತ್ತು. ಹುಡುಗಿಯನ್ನು ಆಮೇಲೆ ಯಾರು ಕೇಳುತ್ತಿದ್ದರು?

ಇಷ್ಟನ್ನು ನಾನು ಅಣ್ಣನಿಗೆ ಹೇಳಿದ್ದರೆ ಮುಗಿದಿತ್ತು. ಮಗಳೆಂದರೆ ಜೀವ ಬಿಡುವವನು, ಹಾಗಾದರೆ ಬೇಡ ಬಿಡು ಎನ್ನುತ್ತಿದ್ದ. ಅದೇ ಹೇಳಲಾಗಲಿಲ್ಲ. ಅವನ ಮುಖದಲ್ಲಿ ಅವತ್ತು ನಾನೆಂದೂ ಕಾಣದ ಒಂದು ಹಗುರವಿತ್ತು. ಅದನ್ನು ಕೆಡಿಸುವ ಎದೆಯಿಲ್ಲ, ಹೇಳಿದ್ದನ್ನು ಬರೆಯುವ ಧೈರ್ಯವೂ ಇಲ್ಲ. ಹಾಳೆಯನ್ನು ಮೊಣಕಾಲ ಮೇಲೆ ನನ್ನ ಕಡೆಗೇ ವಾಲಿಸಿಟ್ಟುಕೊಂಡು 'ಹಿಂದೂ, ವೀರಶೈವ' ಎಂದು ಬರೆದೆ.

"ಬರದ್ಯಾ?"

"ಬರದೀನಣ್ಣ."

ಅಣ್ಣನಿಗೆ ನಾಲ್ಕು ಅಕ್ಷರ ಓದಲು ಬರುತ್ತಿತ್ತು. ಹಾಳೆಯನ್ನು ನೋಡಬಹುದಿತ್ತು. ಕೈಯನ್ನೂ ಚಾಚಲಿಲ್ಲ. ಎದ್ದು ಪಂಚೆ ಕೊಡವಿ, ಒಂದು ಕಬ್ಬು ಮುರಿದು ಅರ್ಧ ನನಗೆ ಕೊಟ್ಟ. ಅದನ್ನು ಹಾಳೆಯ ಜೊತೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟೆ.

ಅಂದಿನಿಂದ ನನಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಸೂಪರ್‌ವೈಜರು ಎದುರು ಸಿಕ್ಕರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ರವಿವಾರ ಬಂದರೆ ಕಾರಣವಿಲ್ಲದೆ ಮಲಪನಗುಡಿಯವರೆಗೆ ನಡೆದು, ಅಲ್ಲಿನ ಬಾವಿಯ ಮೆಟ್ಟಿಲು ಇಳಿದು ಹತ್ತಿ ವಾಪಸು ಬರುತ್ತಿದ್ದೆ. ಅಣ್ಣ ಮಾತ್ರ ಆರಾಮ. ಮಗಳ ಮದುವೆ ಸಾಂಗವಾಯಿತು, ಅವಳು ಕಂಪ್ಲಿಯಲ್ಲಿ ಸುಖವಾಗಿದ್ದಳು. ಒಂದು ಸಂಜೆ ಅಣ್ಣ, "ಆ ನಕಾಶಿ ಪುಸ್ತಕ ತಗೊಂಡು ಬಾರೋ" ಅಂದ. ತಂದುಕೊಟ್ಟೆ. "ನಮ್ಮೂರು ಎಲ್ಲಿ ಬರತೈತಿ ತೋರಿಸು." ತೋರಿಸಿದೆ. "ಇಲ್ಲಿ ಒಂಚೂರು ಬಣ್ಣ ಕೆರೆದು ಬಿಳೀ ಮಾಡು. ಕಾಗದದಾಗ ಬಂದ ಮ್ಯಾಲ ನಕಾಶಿಯಾಗೂ ಬರಲಿ" ಎಂದು ಮಗುವಿನ ಹಾಗೆ ನಕ್ಕ.

ಸ್ಕೂಲಿನ ಪುಸ್ತಕ. ಆದರೂ ಚಾಕುವಿನ ತುದಿಯಿಂದ ಕೆರೆದೆ. ಚಾಕು ಆಳಕ್ಕಿಳಿದು ಕಾಗದವೇ ತೂತಾಯಿತು. ಅಣ್ಣ ಅದಕ್ಕೂ ಬೇಜಾರು ಮಾಡಿಕೊಳ್ಳಲಿಲ್ಲ, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಮುಂದೆ ಪ್ರತಿ ವರ್ಷ ಯಾವನಾದರೊಬ್ಬ ಹುಡುಗ ಕ್ಲಾಸಿನಲ್ಲಿ, "ಸಾರ್, ಹೊಸಪೇಟಿ ಇದ್ದಲ್ಲಿ ತೂತು ಬಿದ್ದೈತ್ರಿ" ಎನ್ನುವನು. ಹುಳ ತಿಂದಿದೆ ಎಂದು ಗದರಿಸಿ ಕೂರಿಸುತ್ತಿದ್ದೆ.

ಆರು ವರ್ಷದ ಮೇಲೆ ಅಣ್ಣ ಜ್ವರದಲ್ಲಿ ಹೋದ. ಪ್ರಜ್ಞೆ ತಪ್ಪುವ ಮೊದಲು ನನ್ನ ಕೈ ಹಿಡಿದು, "ಮದರಾಸಿನಾಗ ಒಂದು ಕಾಗದ ಐತಿ, ಸಾಕು" ಅಂದ. ಅತ್ತಿಗೆ ಅದು ಜಮೀನಿನ ಕಾಗದವೆಂದು ತಿಳಿದು ನನ್ನ ಮುಖ ನೋಡಿದಳು. ನಾನು ಹೊರಗೆ ಎದ್ದು ಹೋದೆ.

ಮೈ ತೊಳೆಸುವ ಹೊತ್ತಿಗೆ ಕಂಪ್ಲಿಯ ಬೀಗರೆಲ್ಲ ಬಂದು ಅಂಗಳದಲ್ಲಿ ಕೂತಿದ್ದರು. ನಮ್ಮವರಲ್ಲಿ ದೇಹವನ್ನು ಕುಣಿಯಲ್ಲಿ ಕೂರಿಸಿ, ಕೊರಳಿನ ಕರಡಿಗೆ ತೆರೆದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಮಣ್ಣು ಕೊಡುತ್ತಾರೆ. ಇನ್ನೊಂದು ಗಳಿಗೆಯಲ್ಲಿ ಅಯ್ಯನವರು ಎಲ್ಲರೆದುರಿಗೆ ಆ ಮುಚ್ಚಳ ತೆರೆಯುವವರಿದ್ದರು. ಬಚ್ಚಲಲ್ಲಿ ನೀರು ಹಾಕುತ್ತಿದ್ದವನು ನಾನೊಬ್ಬನೇ. ನನ್ನ ಕೊರಳಿನದನ್ನು ಬಿಚ್ಚಿ ಅಣ್ಣನಿಗೆ ಕಟ್ಟಿದೆ, ಅವನದನ್ನು ನಾನು ಕಟ್ಟಿಕೊಂಡೆ. ಎಷ್ಟು ಹಗುರವಿತ್ತು ಅದು! ಕುಣಿಯಲ್ಲಿ ಅಣ್ಣನ ಅಂಗೈ ತೆರೆದು ನನ್ನ ಲಿಂಗ ಇಟ್ಟರು. ಸೊಸೆಯ ತಂದೆ ಎಂಥ ಶಿವಭಕ್ತ ಎಂದು ಬೀಗರು ಕಣ್ಣೊರೆಸಿಕೊಂಡರು. ಅವನು ಬದುಕಿದ್ದಾಗ ಒಮ್ಮೆ, ಸತ್ತ ಮೇಲೆ ಒಮ್ಮೆ, ಎರಡು ಸಲವೂ ಅವನ ಮಾತನ್ನು ಒರೆಸಿ ಹಾಕಿದವನು ನಾನೇ.

ನಾನೂ ಅಯ್ಯನವರಲ್ಲಿಗೆ ಹೋಗಿ ಬೇರೆ ಲಿಂಗ ಕಟ್ಟಿಸಿಕೊಳ್ಳಬಹುದಿತ್ತು. ನಾಳೆ, ಹಬ್ಬ ಕಳೆಯಲಿ, ಪರೀಕ್ಷೆ ಮುಗಿಯಲಿ ಎನ್ನುತ್ತಲೇ ಉಳಿದೆ. ಬೆಳಿಗ್ಗೆ ಗೋಡೆಗೆ ಮುಖ ಮಾಡಿ ಬರಿಯ ಅಂಗೈ ನೋಡುತ್ತ ಕೂರತೊಡಗಿದೆ. ಅಣ್ಣನಿಗೆ ಸಿಕ್ಕ ನೆಮ್ಮದಿ ನನಗೆ ಸಿಗಲಿಲ್ಲ. ಒಂದು ದಿನ ಅಲ್ಲಿ ಯಾರೋ ಇದ್ದಾರೆ ಅನ್ನಿಸುತ್ತಿತ್ತು, ಮರುದಿನ ಗೋಡೆ ಬಿಟ್ಟರೆ ಏನೂ ಇಲ್ಲ ಅನ್ನಿಸುತ್ತಿತ್ತು. "ಈಗ ನೋಡ್ರಿ, ಅಣ್ಣನ ಗುಣ ಬಂತು ನಿಮಗ" ಎಂದಳು ನನ್ನ ಹೆಂಡತಿ, ತುಂಬ ಸಂತೋಷದಿಂದ.

ನಲವತ್ತೊಂದರಲ್ಲಿ ಮತ್ತೆ ಖಾನೇಷುಮಾರಿ ಬಂತು. ಈ ಸಲ ನಮ್ಮ ಓಣಿ ಒಬ್ಬ ಎಳೆಯ ಮಾಸ್ತರನ ಪಾಲಿಗೆ ಬಿದ್ದಿತ್ತು. ಅವನು ಬರುತ್ತಾನೆಂದು ಬೆಳಗಿನಿಂದ ಪಡಸಾಲೆಗೂ ಬಾಗಿಲಿಗೂ ತಿರುಗುತ್ತಿದ್ದೆ. ಬಂದ. ವಯಸ್ಸು ಕೇಳಿದ, ಕಸುಬು ಕೇಳಿದ. ಮತ ಕೇಳಲಿಲ್ಲ. ನನ್ನ ಕೊರಳಿನ ಕಡೆ ಒಮ್ಮೆ ನೋಡಿ ಬರೆದುಕೊಂಡು, ಬರತೀನ್ರಿ ಎಂದು ಇಳಿದು ಹೋದ. ನನ್ನ ಹಾಗೆಯೇ ಅವನಿಗೂ ಅವಸರ.

ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಮೂಲೆಮನೆಯ ಹತ್ತಿರ ಸಿಕ್ಕ.

"ಮಾಸ್ತರ, ನಮ್ಮ ಮನೀದು ತೆಗೀರಿ. ಒಂದು ತಪ್ಪಾಗೈತಿ."

"ಏನ್ ತಪ್ಪಾತ್ರಿ?"

ಕರಡಿಗೆಯ ಮುಚ್ಚಳ ತೆಗೆದು ಅವನ ಮುಂದೆ ಹಿಡಿದೆ. ಅಣ್ಣ ನನ್ನ ಮುಂದೆ ಹಿಡಿದಿದ್ದ ಹಾಗೆಯೇ ಹಿಡಿದಿರಬೇಕು, ಹುಡುಗ ಒಂದು ಹೆಜ್ಜೆ ಹಿಂದೆ ಸರಿದ. "ಯಾವ ಮತಾನೂ ಇಲ್ಲ ಅಂತ ಬರೀರಿ" ಅಂದೆ. ಅದು ನನ್ನ ಮಾತೋ ಅಣ್ಣನದೋ ನನಗೆ ಇವತ್ತಿಗೂ ತಿಳಿಯದು. ಹುಡುಗ ಓಣಿಯ ಆ ಕಡೆ ಈ ಕಡೆ ನೋಡಿದ. ಆಮೇಲೆ ಚೀಟಿಯನ್ನು ತನ್ನ ಎದೆಯ ಕಡೆ ವಾಲಿಸಿಕೊಂಡು ಏನೋ ಗೀಚಿದ.

"ಬರದೀನ್ರಿ" ಅಂದ.

ತೋರಿಸು ಎಂದು ನಾನು ಕೈ ಚಾಚಲಿಲ್ಲ.