ಡಬಲ್ ಅಂಕಿಯ ನಾಣ್ಯ ಮತ್ತು ಗುಂಡಿ ಮಷೀನು

ಸ್ನೇಹಿತರೇ, ಇವತ್ತು ಜೀನ್ಸಿಗೆ ಗುಂಡಿ ಹಾಕಿಸಲು ಹೋದರೆ ನಮ್ಮ ರಾಯದುರ್ಗದ ಟೈಲರ್ ತಿಪ್ಪಣ್ಣ ನನ್ನ ಕೈಗೆ ಎರಡು ರೂಪಾಯಿಯ ನಾಣ್ಯವೊಂದನ್ನು ಇಟ್ಟ.

"ಅಂಕಿ ಡಬಲ್ ಐತಿ ನೋಡ್ರಿ ಸಾರ್. ಯೂಟ್ಯೂಬ್‌ನಾಗ ಇಂಥದಕ್ಕ ಲಕ್ಷ ಅಂತಾರ."

ನಾಣ್ಯ ಸಂಗ್ರಹಿಸುವವನ ಜೇಬಿನಲ್ಲಿ ಲೆನ್ಸ್ ಇರದೆ ಇನ್ನೇನಿರುತ್ತದೆ? ತೆಗೆದು ನೋಡಿ ಪಾಠ ಶುರು ಮಾಡಿದೆ: "ಟಂಕಸಾಲೆ ಅಚ್ಚೇ ಡಬಲ್ ಆಗಿದ್ರ ಎರಡೂ ಅಂಕಿ ದುಂಡಗ ಉಬ್ಬಿರ್ತಾವ. ಇದರಾಗ ಎರಡನೇದು ಚಪ್ಪಟೆ ಐತಿ. ಆಮ್ಯಾಲ ಎಲ್ಲೋ ಏಟು ಬಿದ್ದು ಲೋಹ ಜರುಗೇತಿ, ಅಷ್ಟ."

ತಿಪ್ಪಣ್ಣನ ಮುಖ ಬಾಡಲಿಲ್ಲ, ಅರಳಿತು.

"ಹಂಗಾದ್ರ ಅದು ನಮ್ಮ ಗುಂಡಿ ಮಷೀನಿನ ಏಟೇ ಬಿಡ್ರಿ! ಪ್ರೆಸ್ ಬಿಗಿ ಸರಿ ಐತೋ ಇಲ್ಲೋ ಅಂತ ದಿನಾ ಮುಂಜಾನೆ ಮೊದಲು ಒಂದು ನಾಣ್ಯ ಇಟ್ಟು ಒತ್ತಿ ನೋಡ್ತೀವಿ. ಹೋದ ವರ್ಷ ನಾ ಕೊಟ್ಟ ಚಿಲ್ಲರೆಯಾಗ ನಿಮಗ ಇಂಥದೇ ಒಂದು ಬಂದಿತ್ತಲ್ರಿ? ಅಚ್ಚೇ ಡಬಲ್ ಅಂತ ಇಲ್ಲೇ ಕುಣಿದಾಡಿದ್ರಿ!"

ಆ ನಾಣ್ಯ ನನ್ನ ಆಲ್ಬಮ್ಮಿನ ಮೊದಲ ಪುಟದಲ್ಲಿದೆ. ಮನೆಗೆ ಬಂದು ಮೂರು ತಾಸಾಯಿತು. ಆಲ್ಬಮ್ ಎದುರಿಗೇ ಇದೆ, ಲೆನ್ಸ್ ಮಾತ್ರ ಇನ್ನೂ ಜೇಬಿನಿಂದ ಹೊರಗೆ ಬಂದಿಲ್ಲ.