ಮೂರನೇ ರಿಬ್ಬನ್ನು

ನಮ್ಮ ಮಾವನ ಮನೆಯ ಗೋಡೆಯ ಮೇಲೆ ಒಂದು ರಿಬ್ಬನ್ನು ಬಹಳ ಕಾಲ ಖಾಲಿ ನೇತಾಡುತ್ತಿತ್ತು. ಅದರ ಪಕ್ಕದ ಎರಡು ರಿಬ್ಬನ್ನುಗಳ ತುದಿಯಲ್ಲಿ ಸೈನ್ಯದ ಎರಡು ಹಳೆಯ ಪದಕಗಳಿದ್ದವು. ಮೂರನೆಯದರ ತುದಿಯಲ್ಲಿ ಏನೂ ಇರಲಿಲ್ಲ. ಫ್ಯಾನು ಹಾಕಿದರೆ ಆ ಎರಡು ಭಾರಕ್ಕೆ ಸುಮ್ಮನೆ ನಿಲ್ಲುತ್ತಿದ್ದವು, ಇದೊಂದು ಮಾತ್ರ ಹಾರಾಡುತ್ತಿತ್ತು. ಆ ಖಾಲಿ ರಿಬ್ಬನ್ನಿನ ಕತೆ ಹೇಳುತ್ತೇನೆ. ಸ್ವಲ್ಪ ಉದ್ದವಾದೀತು, ಪಾತ್ರೆ ತೊಳೆಯುತ್ತಲೋ ಬಸ್ಸಿನಲ್ಲಿ ಕೂತೋ ಕೇಳಿ.

ಮಾವ ಎಂದರೆ ಅಮ್ಮನ ತಮ್ಮ. ಟೈಲರ್. ಮೆಡಿಕಲ್ ಶಾಪಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಮಹಡಿಗೆ ಹತ್ತುವ ಮೆಟ್ಟಿಲಿದೆಯಲ್ಲ, ಅದರ ಕೆಳಗೆ ಅವರ ಅಂಗಡಿ. ಎಂಥ ದೊಡ್ಡ ಮನುಷ್ಯನಾದರೂ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಈಗ ಹೊಸ ಬಟ್ಟೆ ಹೊಲಿಸುವವರು ಯಾರಿದ್ದಾರೆ? ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಾಯಿಸುವುದು, ಮದುವೆಗೆ ಮುಂಚೆ ಹೊಲಿಸಿದ ಕೋಟನ್ನು ಹೊಟ್ಟೆ ಬಂದ ಮೇಲೆ ಬಿಡಿಸಿಕೊಡುವುದು, ಇಷ್ಟೇ ಕೆಲಸ. ಗಿರಾಕಿಯ ಹೊಟ್ಟೆಗೆ ಟೇಪು ಸುತ್ತಿ, "ಸಾರ್, ಕೋಟು ಸರಿಯಾಗೇ ಇದೆ" ಎಂದು ಮುಖ ಗಂಭೀರ ಮಾಡಿಕೊಂಡು ಹೇಳುವುದರಲ್ಲಿ ಮಾವ ನಿಸ್ಸೀಮರು.

ಅವರಿಗೊಂದು ಹುಚ್ಚಿತ್ತು. ಭಾನುವಾರ ಬೆಳಿಗ್ಗೆ ಹಳೇ ಸಾಮಾನಿನ ಸಂತೆಗೆ ಹೋಗಿ ಸೈನ್ಯದ ವಸ್ತು ಹುಡುಕುವುದು. ತುಕ್ಕು ಹಿಡಿದ ನೀರಿನ ಬಾಟಲಿ, ತಗ್ಗು ಬಿದ್ದ ಹೆಲ್ಮೆಟ್ಟು, ಊದಿದರೆ ಕೆಮ್ಮಿದಂತೆ ಸದ್ದು ಬರುವ ಕಹಳೆ. ಯಾರಿಗೂ ಬೇಡವಾಗಿದ್ದ ಕಾಲವದು. ಎರಡು ಪ್ಯಾಂಟು ಗಿಡ್ಡ ಮಾಡಿದ ಕೂಲಿಗೆ ಒಂದು ಹೆಲ್ಮೆಟ್ಟು ಬರುತ್ತಿತ್ತು.

ಒಮ್ಮೆ ಅಲ್ಲಿಂದ ಸೈನಿಕರು ಹಾಕುವ ಉಣ್ಣೆಯ ಉದ್ದ ಕೋಟೊಂದನ್ನು ತಂದರು. ಅದನ್ನು ಬಿಚ್ಚುವಾಗ ಒಳಗಿನ ಲೈನಿಂಗಿನಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ಹೊಲಿಗೆ ಬಿಡಿಸಿದರೆ ಒಂದು ಪದಕ. ಅದರ ಅಂಚಿನ ಮೇಲೆ ಸಣ್ಣ ಅಕ್ಷರಗಳಲ್ಲಿ ಒಂದು ನಂಬರು, ಒಬ್ಬ ಮನುಷ್ಯನ ಹೆಸರು, ಹೆಸರಿನ ಮುಂದೆ ಅವನ ಕೆಲಸ ಕೊರೆದಿದ್ದರು. ಟೈಲರ್ ಅಂತ.

ಮಾವ ಅವತ್ತು ಅಂಗಡಿಯ ಷಟರ್ ಅರ್ಧ ಎಳೆದು ಒಬ್ಬರೇ ಕೂತಿದ್ದರಂತೆ. ಸೈನ್ಯದಲ್ಲೂ ಟೈಲರ್ ಇರುತ್ತಾನೆ, ಅವನಿಗೂ ಪದಕ ಕೊಡುತ್ತಾರೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಆಮೇಲೆ ಕೋಟಿನ ಎದೆಯ ಭಾಗವನ್ನು ಬೆಳಕಿಗೆ ಹಿಡಿದು ನೋಡಿದರು. ಸೂಜಿ ಹೋದ ತೂತುಗಳು, ಅವುಗಳಲ್ಲಿ ಸಿಕ್ಕಿಕೊಂಡ ರಿಬ್ಬನ್ನಿನ ಬಣ್ಣದ ಎಳೆಗಳು ಅಲ್ಲಿ ಹಾಗೇ ಉಳಿದಿದ್ದವು. ಅಳತೆ ಹಾಕಿದರೆ ಪಕ್ಕಪಕ್ಕದಲ್ಲಿ ಮೂರು ರಿಬ್ಬನ್ನು ಹೊಲಿದ ಜಾಗ. ಅಂದರೆ ಆ ಮನುಷ್ಯನಿಗೆ ಮೂರು ಪದಕ ಬಂದಿದ್ದವು. ಉಳಿದೆರಡು ಎಲ್ಲೋ ಇವೆ.

ಈ ಸಂಗ್ರಹದವರಲ್ಲಿ ಒಂದು ಕಟ್ಟುಪಾಡಿದೆ. ಅದನ್ನು ಮಾವನಿಗೆ ಹೇಳಿಕೊಟ್ಟವರು ಸೈನ್ಯದ ಗುಂಡಿಗಳನ್ನಷ್ಟೇ ಕೂಡಿಡುತ್ತಿದ್ದ ಒಬ್ಬ ರಿಟೈರ್ಡ್ ಪೋಸ್ಟ್‌ಮ್ಯಾನ್. ಮಾರುವವರಿಗೆ ಬಿಡಿಬಿಡಿಯಾಗಿ ಮಾರಿದರೆ ಲಾಭ ಹೆಚ್ಚು, ಹಾಗಾಗಿ ಒಬ್ಬನೇ ಮನುಷ್ಯನ ಪದಕಗಳನ್ನು ಬೇರೆ ಮಾಡಿ ದಿಕ್ಕಿಗೊಂದರಂತೆ ಕಳಿಸಿಬಿಡುತ್ತಾರೆ. ಅಂಥವನ್ನು ಮತ್ತೆ ಕೂಡಿಸುವುದೇ ನಿಜವಾದ ಸಂಗ್ರಹ. "ಒಬ್ಬನ ಪದಕ ಒಂದೇ ಕಡೆ ಇರ್ಬೇಕು ಟೈಲರೇ" ಎಂದಿದ್ದರು ಪೋಸ್ಟ್‌ಮ್ಯಾನ್. "ಯಾರ ಮನೇಲಿ ಅನ್ನೋದು ಆಮೇಲಿನ ಮಾತು."

ಅಷ್ಟೇ, ಮಾವ ಬೇರೆ ಎಲ್ಲದರ ಮೇಲೂ ಆಸೆ ಬಿಟ್ಟರು. ಸಂತೆಯಲ್ಲಿ ಯಾರು ಸಿಕ್ಕರೂ ಆ ಹೆಸರು ಹೇಳುವುದು, ಆ ನಂಬರು ಹೇಳುವುದು. "ಕಣ್ಣಿಗೆ ಬಿದ್ರೆ ನಂಗೆ ಹೇಳಿ, ಇನ್ಯಾರಿಗೂ ಕೊಡ್ಬೇಡಿ." ಕೆಲವು ವರ್ಷಗಳಲ್ಲಿ ಎರಡನೆಯದು ಸಿಕ್ಕಿತು. ಸಂತೆಯ ಮೂಲೆಯಲ್ಲಿ ಕೂರುವ ಹಳೇ ಸಾಮಾನಿನ ಅಕ್ಕ ಬಿಸ್ಕತ್ತಿನ ಡಬ್ಬಿಯಿಂದ ತೆಗೆದು, ಚಹಾದ ದುಡ್ಡು ಕೊಡಿ ಸಾಕು ಎಂದು ಕೈಗೆ ಹಾಕಿದ್ದಳು.

ಮಾವ ಹಿತ್ತಾಳೆಯ ಒಂದು ಪಟ್ಟಿ ಮಾಡಿಸಿ, ಆ ಎಳೆಗಳ ಬಣ್ಣಕ್ಕೆ ಹೊಂದುವಂಥದನ್ನೇ ಹುಡುಕಿ ತಂದು, ಮೂರು ರಿಬ್ಬನ್ನುಗಳನ್ನು ಕೈಯಲ್ಲೇ ಹೊಲಿದರು. ಎರಡಕ್ಕೆ ಪದಕ ಹಾಕಿ, ಮೂರನೆಯದನ್ನು ಖಾಲಿ ಬಿಟ್ಟು ಊಟದ ಮನೆಯ ಗೋಡೆಗೆ ನೇತುಹಾಕಿದರು. ಅತ್ತೆ ಆ ಸತ್ತ ಮನುಷ್ಯನಿಗೆ ದೊಡ್ಡ ಟೈಲರ್ ಎಂದು ಹೆಸರಿಟ್ಟರು. ಬಡಿಸುವಾಗೆಲ್ಲ ಗೋಡೆಯ ಕಡೆ ತಿರುಗಿ ಕೇಳುವರು: "ರೀ, ನಿಮ್ಮ ದೊಡ್ಡ ಟೈಲರ್‌ಗೆ ಊಟ ಆಯ್ತಾ?"

"ಅವನು ನಿನ್ನ ಕೈ ರುಚಿ ನೋಡಿದ್ರೆ ಯುದ್ಧಕ್ಕೇ ವಾಪಸ್ ಹೋಗ್ತಾನೆ."

"ಹೋಗ್ಲಿ ಬಿಡಿ. ಅವನಾದ್ರೂ ಪದಕ ತಂದ, ನೀವೇನು ತಂದ್ರಿ? ತುಕ್ಕು."

ಹೀಗೆ ನಡೆಯುತ್ತಿತ್ತು ಅವರ ಸಂಸಾರ.

ಆಮೇಲೆ ಕಾಲ ತಿರುಗಿತು. ಹೋಟೆಲಿನವರು ಅಂದಕ್ಕೆಂದು ಗೋಡೆಗೆ ಹಳೆಯ ಹೆಲ್ಮೆಟ್ಟು ನೇತುಹಾಕತೊಡಗಿದರು. ಕಾಫಿ ಅಂಗಡಿಗಳಲ್ಲಿ ಕಹಳೆ ತಲೆಕೆಳಗಾಗಿ ದೀಪವಾಯಿತು. ಸಿನಿಮಾದವರು ಲಾರಿ ತಂದು ರಾಶಿಗಟ್ಟಲೆ ಹೊತ್ತೊಯ್ದರು. ಸಂತೆಯವರೆಲ್ಲ ಫೋನಿನಲ್ಲಿ ಫೋಟೋ ಹಾಕಿ ಹರಾಜು ಕೂಗುವುದನ್ನು ಕಲಿತರು. ಬೆಲೆ ಏರಿದ್ದು ಹೇಗೆಂದರೆ, ಮಾವ ಒಂದು ವಸ್ತುವಿನ ಬೆಲೆ ಕೇಳಿ, ಸಂತೆಗೊಂದು ಸುತ್ತು ಹಾಕಿ ಬರುವಷ್ಟರಲ್ಲಿ ಅದು ಇನ್ನೊಂದು ಮೆಟ್ಟಿಲು ಹತ್ತಿರುತ್ತಿತ್ತು. ಈ ಕಡೆ ಅಂಗಡಿಯ ಬಾಡಿಗೆಯೂ ಏರಿತು, ಕರೆಂಟೂ ಏರಿತು, ದಾರದ ಉಂಡೆಯೂ ಏರಿತು. ಪ್ಯಾಂಟು ಗಿಡ್ಡ ಮಾಡುವ ಕೂಲಿ ಮಾತ್ರ ಏರಲಿಲ್ಲ. ಏರಿಸಿದರೆ ಜನ, "ಇಷ್ಟಕ್ಕೆ ಹೊಸ ಪ್ಯಾಂಟೇ ಬರುತ್ತಲ್ರೀ" ಎನ್ನುತ್ತಿದ್ದರು.

ಪೋಸ್ಟ್‌ಮ್ಯಾನ್ ಸಂತೆಗೆ ಬರುವುದು ನಿಂತಿತು. ಹೋಗಿ ವಿಚಾರಿಸಿದರೆ ಗುಂಡಿಗಳನ್ನೆಲ್ಲ ಮಾರಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡಿದ್ದರು. "ಈಗ ಎಲ್ಲಾ ಚೆನ್ನಾಗಿ ಕಾಣುತ್ತೆ ಟೈಲರೇ" ಎಂದರು. "ನೋಡೋಕೇ ಏನೂ ಇಲ್ಲ."

ಅದಾದ ಮೇಲೆ ಒಂದು ಭಾನುವಾರ ಮೂರನೆಯ ಪದಕ ಬಂತು.

ನಾನು ಸ್ಕೂಟರಿನಲ್ಲಿ ಮಾವನನ್ನು ಕರೆದುಕೊಂಡು ಹೋಗಿದ್ದೆ. ಹಳೇ ಸಾಮಾನಿನ ಅಕ್ಕ ಈ ಸಲ ಬಿಸ್ಕತ್ತಿನ ಡಬ್ಬಿ ತೆಗೆಯಲಿಲ್ಲ. ಸೊಂಟದ ಚೀಲದಿಂದ ಹತ್ತಿಯಲ್ಲಿ ಸುತ್ತಿದ್ದನ್ನು ಬಿಡಿಸಿದಳು. ಮಾವ ಕನ್ನಡಕ ಮೇಲೇರಿಸಿ ಅಂಚು ಓದಿದರು. ಅದೇ ನಂಬರು, ಅದೇ ಹೆಸರು, ಅದೇ ಟೈಲರ್. ಓದಿ ಮುಗಿದ ಮೇಲೂ ಬೆರಳು ಅಂಚಿನ ಮೇಲೆ ಓಡಾಡುತ್ತಲೇ ಇತ್ತು.

"ಎಷ್ಟಕ್ಕ?"

ಅವಳು ಹೇಳಿದಳು. ಅದು ಅಂಗಡಿಯ ಅರ್ಧ ವರ್ಷದ ಬಾಡಿಗೆ. ಮಾವ ಒಂದು ವಾರ ಸಮಯ ಕೇಳಿದರು.

ಆ ವಾರದಲ್ಲಿ ಹೆಲ್ಮೆಟ್ಟು ಮಾರಿಹೋಯಿತು, ನೀರಿನ ಬಾಟಲಿ ಹೋಯಿತು, ಕೆಮ್ಮುವ ಕಹಳೆ ಹೋಯಿತು. ಅವನ್ನೆಲ್ಲ ತುಂಬಿದ್ದ ಅಟ್ಟ ಪೂರ್ತಿ ಖಾಲಿ. ಅತ್ತೆ ಗುಡಿಸಿ, "ಇಷ್ಟು ಜಾಗ ಇತ್ತಾ ನಮ್ಮನೇಲಿ" ಎಂದರು. ಆದರೆ ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಕಹಳೆ ಕೊಡುವ ಮುಂಚೆ ಅದನ್ನು ಒರೆಸಿಕೊಟ್ಟವರೂ ಅವರೇ.

ಮುಂದಿನ ಭಾನುವಾರ ಬೆಳಿಗ್ಗೆಯೇ ಹೋದೆವು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಅಕ್ಕ ದುಡ್ಡು ಮುಟ್ಟಲಿಲ್ಲ.

"ಟೈಲರೇ, ಒಬ್ರು ಹಲ್ಲಿನ ಡಾಕ್ಟರು ಇದರ ಎರಡರಷ್ಟು ಹೇಳಿದಾರೆ. ನಾನೇನು ಮಾಡ್ಲಿ?"

"ಅವರಿಗೆ ಇದು ಯಾಕೆ ಬೇಕಂತೆ? ಒಬ್ಬ ದರ್ಜಿ ಪದಕ. ಇಂಥದಕ್ಕೆ ಯಾವತ್ತೂ ಬೆಲೆನೇ ಇರ್ಲಿಲ್ಲ."

"ಇರ್ಲಿಲ್ಲ." ಅಕ್ಕ ಮಾವನ ಮುಖ ನೋಡದೆ ಹತ್ತಿಯನ್ನು ಸರಿಮಾಡುತ್ತಾ ಹೇಳಿದಳು. "ಬೆಲೆ ಇಟ್ಟಿದ್ದು ನೀವೇ ಅಲ್ವಾ? ಇಷ್ಟು ವರ್ಷ ಸಂತೇಲಿ ಒಬ್ರನ್ನೂ ಬಿಡದೆ ಈ ಹೆಸರು ಕೇಳಿದ್ರಿ. ಅಷ್ಟೊಂದು ಹುಡುಕ್ತಿದಾರೆ ಅಂದ್ರೆ ಏನೋ ಇರ್ಬೇಕು ಅಂತ ಎಲ್ರೂ ಅಂದ್ಕೊಂಡ್ರು. ನೀವು ಸುಮ್ನಿದ್ದಿದ್ರೆ ಇದು ಈಗ್ಲೂ ನನ್ನ ಬಿಸ್ಕತ್ ಡಬ್ಬೀಲೇ ಇರ್ತಿತ್ತು."

ಮಾವ ದುಡ್ಡನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ನನಗೆ ಅವಳ ಮೇಲೆ ಮೈಯೆಲ್ಲ ಉರಿದುಹೋಯಿತು, ಆದರೆ ಅವಳು ಸುಳ್ಳು ಹೇಳಿರಲಿಲ್ಲ. ಮನೆ ಹತ್ತಿರ ಬಂದಾಗ ಸ್ಕೂಟರಿನ ಹಿಂದೆ ಕೂತ ಮಾವ, "ಕೇಳಿದ್ದೇ ತಪ್ಪಾಯ್ತಲ್ಲ ಮಗಾ" ಎಂದರು.

ಮರುದಿನ ಅತ್ತೆ ಬುತ್ತಿ ಕೊಡಲು ಅಂಗಡಿಗೆ ಹೋದಾಗ ಮಾವ ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಟ್ಟು, ಅದರ ಮೈಯನ್ನೆಲ್ಲ ಒರೆಸುತ್ತಿದ್ದರು. ಯಾರಿಗೋ ತೋರಿಸಲು ಒರೆಸುವ ಹಾಗೆ. ಅತ್ತೆಗೆ ತಕ್ಷಣ ಹೊಳೆಯಿತು.

"ಇದನ್ನ ಮಾರಿ ಅದನ್ನ ತರ್ತೀರಾ?"

ಮಾವ ಮಷಿನ್ನಿನ ಚಕ್ರ ಒರೆಸತೊಡಗಿದರು.

"ನಾನು ಬೇಡ ಅನ್ನಲ್ಲ. ಆದ್ರೆ ಒಬ್ಬ ಟೈಲರ್ ಇನ್ನೊಬ್ಬ ಟೈಲರ್‌ಗೋಸ್ಕರ ಮಷಿನ್ ಮಾರಿದ ಅಂದ್ರೆ, ಗೋಡೆ ಮೇಲಿರೋನಿಗೆ ಏನನ್ಸುತ್ತೆ ಯೋಚ್ನೆ ಮಾಡಿ."

ಬುತ್ತಿ ಇಟ್ಟು ಬಂದುಬಿಟ್ಟರು. ಮಾವ ಮಷಿನ್ ಮಾರಲಿಲ್ಲ. ಪದಕ ಹಲ್ಲಿನ ಡಾಕ್ಟರ ಪಾಲಾಯಿತು.

ಕೆಲವು ದಿನ ಮಾವ ಗೋಡೆಗೆ ಬೆನ್ನು ಹಾಕಿ ಊಟಕ್ಕೆ ಕೂರುತ್ತಿದ್ದರು. ಅತ್ತೆಯೂ ದೊಡ್ಡ ಟೈಲರ್ ಸುದ್ದಿ ಎತ್ತಲಿಲ್ಲ. ಫ್ಯಾನು ಹಾಕಿದಾಗ ಮಾತ್ರ ಆ ರಿಬ್ಬನ್ನು ಪಟಪಟ ಎನ್ನುತ್ತಿತ್ತು. ಒಂದು ಸಂಜೆ ಮಾವ ಎದ್ದು ಫ್ಯಾನು ಆರಿಸಿ, ಗೋಡೆಯಿಂದ ಪಟ್ಟಿ ಇಳಿಸಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ನನಗೆ ಫೋನ್ ಮಾಡಿದರು. "ಆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀಯಾ?"

ಕ್ಲಿನಿಕ್ಕಿನಲ್ಲಿ ಹಲ್ಲುನೋವಿನವರ ನಡುವೆ ಕೂತು ನಮ್ಮ ಸರದಿ ಬಂದಾಗ ಒಳಗೆ ಹೋದೆವು. ಡಾಕ್ಟರು ಮಾವನಿಗೆ ಕುರ್ಚಿ ತೋರಿಸಿ ಬಾಯಿ ತೆರೆಯಿರಿ ಎಂದರು. ಮಾವ ಬಾಯಿ ತೆರೆಯದೆ ಬಟ್ಟೆ ಬಿಚ್ಚಿದರು.

ಡಾಕ್ಟರು ಬಗ್ಗಿ ಪದಕದ ಅಂಚು ಓದಿದರು. "ಆ ಟೈಲರ್ ನೀವೇನಾ? ನಿಮ್ಮ ಹೆಸರು ಹೇಳಿ ಹೇಳೇ ಆ ಸಂತೆಯವಳು ನನ್ನ ಹತ್ರ ಅಷ್ಟು ದುಡ್ಡು ಕಿತ್ಲು. ನಾನೂ ಯಾರ ಹಲ್ಲನ್ನೂ ಹಾಗೆ ಕಿತ್ತಿಲ್ಲ."

ಒಳ್ಳೆಯ ಮನುಷ್ಯರೇ. ಒಳಕೋಣೆಗೆ ಕರೆದುಕೊಂಡು ಹೋಗಿ ಗಾಜಿನ ಕಪಾಟು ತೋರಿಸಿದರು. ದೀಪದ ಕೆಳಗೆ ಸಾಲು ಸಾಲು ಪದಕ. ಮೂರನೆಯದು ಅಲ್ಲಿ ಮಧ್ಯದಲ್ಲಿ, ರಿಬ್ಬನ್ನಿಲ್ಲದೆ ಮಲಗಿತ್ತು.

"ಇದನ್ನ ಮಾರ್ತೀರಾ ಸಾರ್?" ಮಾವ ಕೇಳಿದರು. ಕೇಳುವಾಗಲೇ ಉತ್ತರ ಗೊತ್ತಿತ್ತು ಅನಿಸುತ್ತದೆ.

"ಇಲ್ಲ. ನಿಮ್ಮೆರಡನ್ನ ನಂಗೆ ಕೊಡ್ತೀರಾ? ನೀವು ಹೇಳಿದಷ್ಟು ಕೊಡ್ತೀನಿ."

"ನಾನು ಏನೂ ಹೇಳಲ್ಲ. ಹೇಳಿ ಹೇಳಿ ಏರಿಸಿದ್ದೇ ಸಾಕು." ಮಾವ ಪಟ್ಟಿಯನ್ನು ಮೇಜಿನ ಮೇಲಿಟ್ಟರು. "ಇಟ್ಕೊಳ್ಳಿ. ಒಬ್ಬನ ಪದಕ ಒಂದೇ ಕಡೆ ಇರ್ಬೇಕು. ಮೂರನೇದನ್ನ ಮಾತ್ರ ನಾನೇ ಹೊಲಿದುಕೊಡ್ತೀನಿ. ಕೂಲಿ ಕೊಡಿ, ಒಂದು ಪ್ಯಾಂಟು ಗಿಡ್ಡ ಮಾಡಿದ್ದಕ್ಕೆ ಎಷ್ಟೋ ಅಷ್ಟು."

ಡಾಕ್ಟರು ಕಪಾಟಿನ ಕೀಲಿ ತೆಗೆದು ಪದಕ ಕೊಟ್ಟು, ಹೊರಗೆ ಕಾಯುತ್ತಿದ್ದವರನ್ನು ನೋಡಲು ಹೋದರು.

ಮಾವ ಜೇಬಿನಿಂದ ಸೂಜಿ, ದಾರ ತೆಗೆದರು. ಅಷ್ಟು ಚಿಕ್ಕ ಹೊಲಿಗೆ, ಮಾವನ ಕೈಗೆ ಅದೊಂದು ಕೆಲಸವೇ ಅಲ್ಲ. ಆದರೆ ಅವತ್ತು ಹೊಲಿದರು, ಬಿಚ್ಚಿದರು, ಸರಿಬಂದಿಲ್ಲ ಎಂದು ಮತ್ತೆ ಹೊಲಿದರು. ಸರಿಯಾಗೇ ಬಂದಿತ್ತು. ಗೋಡೆಯ ಆಚೆ ಹಲ್ಲು ಕೊರೆಯುವ ಮಷಿನ್ನು ಗುಂಯ್‌ಗುಡುತ್ತಿತ್ತು. ಕೊನೆಗೆ ದಾರವನ್ನು ಹಲ್ಲಿನಿಂದ ಕಡಿದು, ಪಟ್ಟಿಯನ್ನು ಎತ್ತಿ ಹಿಡಿದರು. ಮೂರೂ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದಾಯಿತು. ಅದನ್ನು ತಮ್ಮ ಅಂಗಿಯ ಎದೆಗೆ ಒತ್ತಿ ಹಿಡಿದು, ಕಪಾಟಿನ ಗಾಜಿನಲ್ಲಿ ಒಮ್ಮೆ ನೋಡಿಕೊಂಡರು. ನಾನು ಕಿಟಕಿಯ ಕಡೆ ತಿರುಗಿದೆ.

ಡಾಕ್ಟರು ಬಂದಾಗ ಮಾವ ಒಂದು ಮಾತು ಕೇಳಿಕೊಂಡರು. "ಬೆಲೆ ಇನ್ನೂ ಏರಿದ್ರೂ ಬಿಡಿಸ್ಬೇಡಿ ಸಾರ್."

"ನಾನಿರೋವರೆಗೂ ಬಿಡಿಸಲ್ಲ."

"ಆಮೇಲೆ?"

ಡಾಕ್ಟರು ಕೂಲಿಯ ನೋಟನ್ನು ಮಾವನ ಕೈಯಲ್ಲಿಟ್ಟರು.

ಮನೆಯಲ್ಲಿ ಅತ್ತೆ ಬಡಿಸುತ್ತಾ ರೂಢಿಯಂತೆ ಗೋಡೆಯ ಕಡೆ ತಿರುಗಿದರು. ಮೊಳೆಯ ಕೆಳಗೆ ಬಣ್ಣ ಮಾಸದ ಜಾಗ ಮಾತ್ರ ಇತ್ತು. ಸೌಟು ಕೈಯಲ್ಲೇ ನಿಂತಿತು.

"ಅವನ ಊಟ ಇನ್ಮೇಲೆ ಅಲ್ಲೇ" ಎಂದರು ಮಾವ. "ಮೂರೂ ಜೊತೆಗಿವೆ. ನೀನು ಬಡ್ಸು."

ಈಗಲೂ ಭಾನುವಾರ ಅವರಿಗೆ ಸಂತೆಗೆ ಹೋಗದೆ ಇರಲಾಗುವುದಿಲ್ಲ. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸಾಲಿನುದ್ದಕ್ಕೂ ನಡೆಯುತ್ತಾರೆ. ಮೊನ್ನೆ ಒಂದು ಹಳೆಯ ಕಹಳೆಯ ಮುಂದೆ ಅವರ ಹೆಜ್ಜೆ ನಿಧಾನವಾದದ್ದನ್ನು ನೋಡಿದೆ. ಅಂಗಡಿಯವನು, "ಏನಣ್ಣ, ಬೇಕಿತ್ತಾ?" ಎಂದ. ಮಾವ ಬೆಲೆ ಕೇಳಲಿಲ್ಲ. ಏನೂ ಕಾಣದವರ ಹಾಗೆ ಮುಖ ತಿರುಗಿಸಿಕೊಂಡು ಮುಂದೆ ಹೋದರು. ಅದು ಅಗ್ಗವಾಗಿಯೇ ಉಳಿಯಲಿ ಎನ್ನುವ ಹಾಗೆ.